ವ್ಯತ್ಯಾಸದ ಸಾಲು

ಅಕ್ಕೋರು ಕಚೇರಿಗೆ ಬಂದವರೇ, ಕೋಟು ಬಿಚ್ಚುವ ಮೊದಲು ಕಿಟಕಿಯ ಕೆಳಗಿನ ಹೀಟರಿನ ಮೇಲೆ ಅಂಗೈ ಇಡುತ್ತಿದ್ದರು. ಕೈ ಬೆಚ್ಚಗೆ ಮಾಡಿಕೊಳ್ಳಲು ಅಲ್ಲ. ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ, ಬೆರಳು ಬಿಡಿಸಿ, ತಲೆ ಸ್ವಲ್ಪ ವಾಲಿಸಿ. ಆ ಕೈಯ ಹೆಬ್ಬೆರಳಿನ ಬುಡದಲ್ಲಿ ಹುಣಸೆ ಬೀಜದಷ್ಟು ಒಂದು ಸುಟ್ಟ ಕಲೆಯಿತ್ತು, ಚಿಕ್ಕಂದಿನ ಒಲೆಯದು. ಆಮೇಲೆ ಹೀಟರಿನ ತಿರುಗಣೆಯನ್ನು ಒಂದು ಗೆರೆ ಇಳಿಸಿ, "ಇಷ್ಟು ಸಾಕು ಇದಕ್ಕ" ಎಂದು ಕುಳಿತುಕೊಳ್ಳುತ್ತಿದ್ದರು.

ನೆದರ್‌ಲ್ಯಾಂಡ್ಸಿನ ರೈಸ್‌ವೈಕ್‌ನ ಆ ಕಚೇರಿಯಲ್ಲಿ ನಾವು ಮಾಡುತ್ತಿದ್ದ ಕೆಲಸವನ್ನು ಮೈಸೂರಿನ ನನ್ನ ಮನೆಯವರಿಗೆ ವಿವರಿಸುವುದು ನನಗೆ ಇಂದಿಗೂ ಕಷ್ಟ. ಯುರೋಪಿನ ಒಕ್ಕೂಟದ ಒಂದೊಂದು ದೇಶವೂ ತನ್ನಲ್ಲಿ ಎಷ್ಟು ಇಂಧನ ಹುಟ್ಟಿತು, ಹೊರಗಿನಿಂದ ಎಷ್ಟು ಬಂತು, ಎಷ್ಟು ಹೊರಗೆ ಹೋಯಿತು, ಮನೆ, ಕಾರ್ಖಾನೆ, ರೈಲುಗಳಲ್ಲಿ ಎಷ್ಟು ಉರಿಯಿತು ಎಂದು ಕೋಷ್ಟಕ ಮಾಡಿ ಕಳಿಸುತ್ತದೆ. ನಾವು ಅವನ್ನು ಪಕ್ಕಪಕ್ಕ ಇಟ್ಟು ಒಂದೇ ಅಳತೆಗೆ ತರುತ್ತಿದ್ದೆವು. ಯಾವ ದೇಶ ಹವಾಮಾನದ ಗುರಿ ಮುಟ್ಟಿತು, ಯಾವುದು ಮುಟ್ಟಲಿಲ್ಲ ಎಂಬ ಚರ್ಚೆ ಆ ಕೋಷ್ಟಕಗಳನ್ನು ಮುಂದಿಟ್ಟುಕೊಂಡು ನಡೆಯುತ್ತಿತ್ತು. ಬಂದದ್ದೂ ಉರಿದದ್ದೂ ಎಂದೂ ಪೂರ್ತಿ ಹೊಂದುವುದಿಲ್ಲ. ಹೊಂದದೆ ಉಳಿದದ್ದನ್ನು ಬರೆಯಲು ಕೊನೆಯಲ್ಲಿ ಒಂದು ಸಾಲಿದೆ. ಅದರ ಹೆಸರು ವ್ಯತ್ಯಾಸ.

ನನ್ನ ಕೆಲಸವನ್ನು ನೋಡಿ ಒಪ್ಪಿಗೆ ಕೊಡುತ್ತಿದ್ದವರು ಅಕ್ಕೋರು. ಆ ಕಚೇರಿಯಲ್ಲಿ ನಿರ್ದೇಶಕರನ್ನೂ ಹೆಸರು ಹಿಡಿದು ಕರೆಯುವುದು ರೂಢಿ. ತಾಯಿಯ ವಯಸ್ಸಿನವರನ್ನು ಹಾಗೆ ಕರೆಯಲು ನನಗೆ ಬಾಯಿ ಬರಲಿಲ್ಲ. "ಮೇಡಂ" ಎಂದೆ.

"ಮೇಡಂ ಅನಬ್ಯಾಡವಾ, ಯಾರೋ ಬ್ಯಾರೆ ಬಂದ್ರೇನು ಅಂತ ತಿರುಗಿ ನೋಡೂಹಂಗ ಆಕ್ಕೈತಿ. ಅಕ್ಕೋರು ಅನ್ನು."

ಅಕ್ಕ ಎನ್ನುವುದರ ಗೌರವದ ರೂಪ ಇರಬೇಕು ಎಂದುಕೊಂಡೆ. ಅವರ ಗದಗದ ಕಡೆ ಮಕ್ಕಳು ಶಾಲೆಯ ಟೀಚರನ್ನು ಹಾಗೆ ಕರೆಯುತ್ತಾರೆಂದು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ.

ಮಧ್ಯಾಹ್ನ ಬ್ರೆಡ್ಡಿನ ಮೇಲೆ ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ, ಉದುರಿಸಿಕೊಂಡು ತಿನ್ನುತ್ತಿದ್ದರು. ಇಲ್ಲಿಯವರು ಶೇಂಗಾ ಬೆಣ್ಣೆಗೆ 'ಪಿಂಡಾಕಾಸ್' ಎನ್ನುತ್ತಾರೆ. ಸಹೋದ್ಯೋಗಿಗಳು ಹಿಂಡಿ ಏನೆಂದು ಕೇಳಿದರೆ "ಒಣಾ ಪಿಂಡಾಕಾಸ್" ಎಂದು ಡಚ್ಚಿನಲ್ಲಿ ಹೇಳಿ, ನನ್ನ ಕಡೆ ವಾಲಿ, "ಪಿಂಡ ಅಂತ, ಪಿಂಡ! ಹೆಸರು ಕೇಳಿದ್ರ ಗಂಟಲದಾಗ ಇಳಿಯೂದಿಲ್ಲ" ಎಂದು ಪಿಸುಗುಟ್ಟುತ್ತಿದ್ದರು.

ಚಳಿಗಾಲದಲ್ಲಿ ಐದು ಗಂಟೆಗೇ ಕತ್ತಲಾದಾಗ ಪಶ್ಚಿಮಕ್ಕಿದ್ದ, ತರಕಾರಿ ಬೆಳೆಯುವ ಗಾಜಿನ ಮನೆಗಳಲ್ಲಿ ದೀಪ ಹತ್ತುತ್ತಿತ್ತು. ಮೋಡದ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿತ್ತು. ಮುಳುಗಿದ ಸೂರ್ಯ ಏನೋ ಮರೆತು ವಾಪಸು ಬಂದ ಹಾಗೆ. ಇಬ್ಬರೂ ಕಿಟಕಿಯ ಬಳಿ ನಿಂತು ನೋಡುತ್ತಿದ್ದೆವು. ಗಾಜಿನ ಮೇಲೆ ನಮ್ಮ ಮುಖಗಳು, ಮುಖಗಳ ಮೂಲಕ ಹಾದುಹೋಗುವ ಟ್ರಾಮು.

"ಟೊಮ್ಯಾಟೊ ಗಿಡಕ್ಕ ನಿದ್ದಿ ಇಲ್ಲ ನೋಡು ಈ ದೇಶದಾಗ."

ಇಲ್ಲಿಗೆ ಬರುವ ಮೊದಲು ಅವರು ಊರಿನ ವಿದ್ಯುತ್ ಉಪಕೇಂದ್ರದಲ್ಲಿ ಎಂಜಿನಿಯರ್. ಕರೆಂಟು ಹೋದಾಗಲೆಲ್ಲ ಫೋನು ಬಡಿದುಕೊಳ್ಳುತ್ತಿತ್ತಂತೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಹೇಳಿ ಬೈಸಿಕೊಳ್ಳುತ್ತಿದ್ದರಂತೆ. "ಒಂದು ತಾಸಿಗೆ ಬರತೈತಿ ಅಂತ ಹೇಳಿ ಫೋನ್ ಇಟ್ರ, ಅವರು ಒಂದು ತಾಸು ದಾರಿ ಕಾಯ್ತಾರ. ಆ ತಾಸು ಯಾರದು?"

ಇದನ್ನು ಅವರು ಹೇಳಿದಾಗ ನಾನು ನಕ್ಕಿದ್ದೆ. ಅರ್ಥವಾಗಿರಲಿಲ್ಲ.

ನನ್ನ ಮೊದಲ ಚಳಿಗಾಲವದು. ಒಂದು ವರ್ಷದ ಕಾಂಟ್ರಾಕ್ಟು ಮುಗಿಯುತ್ತಿತ್ತು. ಮುಂದುವರಿಸುವುದೋ ಬೇಡವೋ ಎಂದು ಸೋಮವಾರ ಹೇಳುವವರಿದ್ದರು. ಕೆಲಸ ಹೋದರೆ ಇಲ್ಲಿರುವ ಪರವಾನಗಿಯೂ ಹೋಗುತ್ತದೆ. ಆ ಸೋಮವಾರದ ಹಿಂದಿನ ವಾರ ಒಂದು ಸಣ್ಣ ದೇಶ ತನ್ನ ಕಟ್ಟಿಗೆಯ ಪುಟವನ್ನು ತಿದ್ದಿ, ಕಾಗದದ ಫೋಟೋ ತೆಗೆದು ಕಳಿಸಿತು. ಅಂಕಿಗಳನ್ನು ನಾನು ಕೈಯಿಂದ ತುಂಬಿದೆ. ಬಂದ ಕಟ್ಟಿಗೆಗೂ ಉರಿದ ಕಟ್ಟಿಗೆಗೂ ಭಾರೀ ಅಂತರ ಬಂತು. ಅಷ್ಟು ದೊಡ್ಡ ಅಂಕಿಯನ್ನು ವ್ಯತ್ಯಾಸದ ಸಾಲಿನಲ್ಲಿ ಬಿಟ್ಟರೆ ಈ ಹುಡುಗಿಗೆ ಕೆಲಸ ಬರುವುದಿಲ್ಲ ಎನ್ನುತ್ತಾರೆ ಎಂದು ಹೆದರಿದೆ. ಹೆಚ್ಚಾದದ್ದನ್ನೆಲ್ಲ 'ಮನೆಗಳಲ್ಲಿ ಉರಿಸಿದ ಸೌದೆ' ಎಂಬ ಸಾಲಿಗೆ ಸೇರಿಸಿದೆ. ಮನೆಯ ಸೌದೆಯನ್ನು ಯಾರೂ ತೂಗುವುದಿಲ್ಲ. ಅದು ಎಲ್ಲೆಡೆ ಅಂದಾಜೇ. ವ್ಯತ್ಯಾಸ ಸೊನ್ನೆಯಾಯಿತು. ಗುರುವಾರ ಅಕ್ಕೋರು ಒಪ್ಪಿಗೆ ಹಾಕಿದರು, ಕೋಷ್ಟಕ ಗುರಿಯ ಚರ್ಚೆ ನಡೆಸುವವರ ಕೈಗೆ ಹೋಯಿತು.

ಶುಕ್ರವಾರ ಸಂಜೆ ಅವರು ನನ್ನ ಪಕ್ಕ ಕುರ್ಚಿ ಎಳೆದುಕೊಂಡರು.

"ತಂಗಿ, ಈ ದೇಶದಾಗ ಒಂದಽ ವರ್ಷದಾಗ ಇಷ್ಟು ಕಟ್ಟಿಗಿ ಯಾರು ಸುಟ್ಟರು?"

"ಮನೆಗಳಲ್ಲಿ, ಅಕ್ಕೋರೇ. ಚಳಿ ಜಾಸ್ತಿ ಇತ್ತಲ್ಲ."

"ಚಳಿ ಕಮ್ಮಿ ಇತ್ತು ಅಂತ ನೀನಽ ಬರದೀಯಲ್ಲ, ಮೊದಲನೇ ಪುಟದಾಗ?"

ನಾನು ಮೊದಲನೇ ಪುಟ ತೆರೆದು ನೋಡಿದೆ. ಹಾಗೇ ಬರೆದಿದ್ದೆ.

"ನಾ ಒಲಿ ಊದಿ ಬೆಳದಾಕಿ. ಇಷ್ಟು ಕಟ್ಟಿಗಿ ಅಂದ್ರ ಎಷ್ಟು ಹೊರಿ ಅಂತ ನನಗ ಗೊತ್ತೈತಿ. ಹೊತ್ತವರ ಕುತ್ತಿಗಿ ಎಲ್ಲೆ ಐತಿ ಇದರಾಗ?"

"ಹೊಂದಲಿಲ್ಲ. ನಾನೇ ಹಾಕಿದೆ."

ಅವರು ಬೈಯಲಿಲ್ಲ. ಆ ಫೋಟೋವನ್ನು ಪರದೆಯ ಮೇಲೆ ತೆರೆಸಿ, ದೊಡ್ಡದು ಮಾಡಿಸಿ, ಸಾಲು ಸಾಲಾಗಿ ಬೆರಳಿಟ್ಟು ಓದಿದರು. ಹೊರದೇಶಕ್ಕೆ ಕಳಿಸಿದ ಕಟ್ಟಿಗೆಯ ಸಾಲಿನಲ್ಲಿ ಬೆರಳು ನಿಂತಿತು. ಒಂದು, ಒಂದು ಚುಕ್ಕಿ, ಆಮೇಲೆ ಎರಡು, ಐದು, ಸೊನ್ನೆ. ಈ ಕಡೆಯ ದೇಶಗಳಲ್ಲಿ ಸಾವಿರಕ್ಕೆ ಚುಕ್ಕಿ, ದಶಮಾಂಶಕ್ಕೆ ಅಲ್ಪವಿರಾಮ. ನಮ್ಮಲ್ಲಿ ಅದರ ತಿರುವುಮುರುವು. ಗೊತ್ತಿದ್ದೂ, ಮೈಸೂರಿನ ಶಾಲೆಯಲ್ಲಿ ಕಲಿತ ಕಣ್ಣು ಸಾವಿರದ ಇನ್ನೂರೈವತ್ತನ್ನು ಒಂದೂಕಾಲು ಎಂದು ಓದಿತ್ತು. ಆ ಕಟ್ಟಿಗೆ ಯಾರ ಮನೆಯಲ್ಲೂ ಉರಿದಿರಲಿಲ್ಲ. ಹಡಗು ಹತ್ತಿ ರಾಟರ್‌ಡ್ಯಾಮ್‌ಗೆ ಬಂದು, ನೆದರ್‌ಲ್ಯಾಂಡ್ಸಿನ ಕೋಷ್ಟಕದಲ್ಲಿ ಆಗಲೇ ಲೆಕ್ಕವಾಗಿತ್ತು.

ಅಕ್ಕೋರು ನಕ್ಕೇಬಿಟ್ಟರು. "ಒಂದಽ ಕಟ್ಟಿಗಿ ಎರಡು ದೇಶದಾಗ ಉರದೈತಿ! ಪಾಪ, ಹೊಗಿಗೂ ಗೊತ್ತಿಲ್ಲ." ಆಮೇಲೆ ನಗು ನಿಲ್ಲಿಸಿದರು. "ಚುಕ್ಕಿ ತಪ್ಪು ಯಾರಿಗಾದ್ರೂ ಆಕ್ಕೈತಿ. ಚುಕ್ಕಿ ತಪ್ಪು. ಕಟ್ಟಿಗಿ ಸುಳ್ಳು."

"ಸೋಮವಾರ ನನ್ನ ಕಾಂಟ್ರಾಕ್ಟು, ಅಕ್ಕೋರೇ."

"ಗೊತ್ತೈತಿ. ಸೋಮವಾರ ಅಲ್ಲಿ ಮಂದಿ ಈ ಕೋಷ್ಟಕ ನೋಡಿ, ಇವರು ಗುರಿ ಮುಟ್ಯಾರ, ಇನ್ನೇನೂ ಮಾಡೂದು ಬ್ಯಾಡ ಅಂತಾರ. ಅದೂ ಗೊತ್ತೈತಿ."

ಸೌದೆ ಮರಳಿ ಬೆಳೆಯುವ ಇಂಧನವೆಂದು ಗುರಿಯ ಲೆಕ್ಕಕ್ಕೆ ಸೇರುತ್ತದೆ. ನನ್ನ ಭಯದ ಕಟ್ಟಿಗೆಯಿಂದ ಒಂದು ದೇಶ ಕಾಗದದ ಮೇಲೆ ಹಸಿರಾಗಿತ್ತು.

"ತಪ್ಪಾಗೈತಿ ಅಂತ ಪತ್ರ ನಾ ಬರಿಯೂದಿಲ್ಲ. ನೀನಽ ಬರಿ" ಎಂದು ಅವರು ಎದ್ದು ಕಿಟಕಿಗೆ ಹೋದರು.

ಚುಕ್ಕಿಯ ಬಗ್ಗೆ ಬರೆಯಲು ಒಂದು ನಿಮಿಷ ಸಾಕಾಯಿತು. ಎರಡನೆಯ ವಾಕ್ಯಕ್ಕೆ ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ಹೊರಗೆ ಕಿತ್ತಳೆ ಬೆಳಕು ನಿಧಾನವಾಗಿ ಏರುತ್ತಿತ್ತು, ಅದರೆದುರು ಅವರ ಬೆನ್ನು ಕಪ್ಪಾಗಿ ಕಾಣುತ್ತಿತ್ತು. ಅವರು ಒಮ್ಮೆಯೂ ತಿರುಗಿ ನೋಡಲಿಲ್ಲ. 'ಹೊಂದದ ಅಂಕಿಯನ್ನು ಆಧಾರವಿಲ್ಲದೆ ಮನೆಯ ಸೌದೆಗೆ ಸೇರಿಸಿದವಳು ನಾನು' ಎಂದು ಬರೆದೆ. ಅಕ್ಕೋರು ಬಂದು ಓದಿ, ನನ್ನ ಹೆಸರಿನ ಕೆಳಗೆ ತಮ್ಮ ಹೆಸರನ್ನೂ ಸೇರಿಸಿದರು.

"ನಿಮ್ಮದೇನು ತಪ್ಪು, ಅಕ್ಕೋರೇ?"

"ಗುರುವಾರ ಸೊನ್ನಿ ನೋಡಿ ಖುಷಿ ಆಗಿ ಒಪ್ಪಿಗಿ ಹಾಕೀನಿ. ಸೊನ್ನಿ ಕಂಡಕೂಡಲೇ ಸಂಶಯ ಬರಬೇಕಿತ್ತು."

ಕೋಷ್ಟಕ ವಾಪಸು ಬಂತು, ತಿದ್ದಿದ್ದು ಹೋಯಿತು. ಸೋಮವಾರ ನಿರ್ದೇಶಕರು ಪತ್ರವನ್ನು ಮೇಜಿನ ಮೇಲಿಟ್ಟು, "ಪ್ರಾಮಾಣಿಕ. ಆದರೆ ತಡ" ಎಂದರು. ಒಂದು ವರ್ಷದ ಬದಲು ಆರು ತಿಂಗಳು ಕೊಟ್ಟರು. ಅಕ್ಕೋರು ಆ ದಿನ ಹಿಂಡಿಯ ಡಬ್ಬಿಯನ್ನು ನನ್ನ ಮೇಜಿಗೆ ಸರಿಸಿದರು. ಆರು ತಿಂಗಳು ಮುಗಿದ ಮೇಲೂ ನಾನು ಅಲ್ಲೇ ಉಳಿದೆ.

ಅವರು ನಿವೃತ್ತರಾಗಿ ನೂರ್ಡ್‌ವೈಕ್‌ನಲ್ಲಿದ್ದ ಮಗಳ ಮನೆಗೆ ಹೋದ ಎರಡನೇ ವರ್ಷ ಕಾಯಿಲೆ ಬಿದ್ದರು. ಕಳೆದ ವಸಂತದಲ್ಲಿ ನೋಡಲು ಹೋದೆ. ಹಾಸಿಗೆ ಕಿಟಕಿಯ ಪಕ್ಕ. ಹೊರಗೆ ಮರಳದಿನ್ನೆ, ಅದರಾಚೆ ಸಮುದ್ರ, ಮಂಜು. ನೀರೆಲ್ಲಿ ಮುಗಿದು ಆಕಾಶವೆಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಆ ಬಿಳುಪಿನಲ್ಲಿ ಗಾಳಿಯಂತ್ರಗಳು ಬುಡವಿಲ್ಲದೆ ತೇಲುತ್ತಿದ್ದವು.

"ಗದಗಿನ ಗುಡ್ಡದ ಮ್ಯಾಲೂ ಹಿಂಗಽ" ಎಂದರು. "ಎಷ್ಟು ತಿರುಗಾಕತ್ಯಾವ, ಎಣಿಸು. ನನಗ ಹನ್ನೆರಡು ಕಾಣತಾವ."

ಎಣಿಸಿದೆ. ಹನ್ನೊಂದು. ಮತ್ತೆ ಎಣಿಸಿದೆ. ಹನ್ನೆರಡು ಎಂದುಬಿಡುವುದು ಎಷ್ಟು ಸುಲಭವಿತ್ತು. ಅವರು ನನ್ನ ಬಾಯನ್ನೇ ನೋಡುತ್ತಿದ್ದರು.

"ನನಗೆ ಹನ್ನೊಂದೇ ಕಾಣ್ತಿವೆ, ಅಕ್ಕೋರೇ."

ಮುಖದಲ್ಲಿ ನಗು ಹರಡಿತು. ಸುಟ್ಟ ಕಲೆಯ ಆ ಕೈ ನನ್ನ ಹಣೆಯ ಮೇಲೆ ಬಂದು ಕುಳಿತಿತು, ಹೀಟರಿನ ಮೇಲೆ ಕೂರುತ್ತಿದ್ದಂತೆ.

"ಹಂಗಾದ್ರ ಹನ್ನೊಂದಽ ಬರಿ. ಒಂದು ವ್ಯತ್ಯಾಸದ ಸಾಲಿಗಿರ್ಲಿ."

ಮುಂದಿನ ವಾರ ಅವರು ಹೋದರು. ಈಗಲೂ ಆಗಾಗ ಆ ದಡಕ್ಕೆ ಹೋಗಿ ನಿಂತು ಎಣಿಸುತ್ತೇನೆ. ಮಂಜಿರುವ ದಿನ ಕಡಿಮೆ ಕಾಣುತ್ತವೆ, ಬಿಸಿಲಿರುವ ದಿನ ಹೆಚ್ಚು. ಕಂಡಷ್ಟನ್ನೇ ಹೇಳಿಕೊಳ್ಳುತ್ತೇನೆ. ಅವರಿಗೆ ಕಂಡ ಆ ಒಂದನ್ನು ಈವರೆಗೆ ಯಾವ ಸಾಲಿಗೂ ಸೇರಿಸಿಲ್ಲ.