ಪೆಟ್ಟಿಗೆ ಮಾವನ ಮೂರನೇ ಗ್ಲೈಡರ್

ಬಿಸಿಲು ಆಗಲೇ ಗುಡ್ಡ ಹತ್ತಿದೆ. ಊರಾಚೆಯ ಬೋಳುನೆತ್ತಿಯ ಮೇಲೆ ಅರವತ್ತೊಂದು ವರ್ಷದ ಬಡಗಿಯೊಬ್ಬರು ಎರಡು ಮೀಟರ್ ಉದ್ದ ರೆಕ್ಕೆಯ ಗ್ಲೈಡರನ್ನು ಎರಡು ತೋರುಬೆರಳುಗಳ ತುದಿಯಲ್ಲಿ ನಿಲ್ಲಿಸಿಕೊಂಡು ಉಸಿರು ಬಿಗಿಹಿಡಿದಿದ್ದಾರೆ. ಗ್ಲೈಡರಿನ ಮೂತಿ ಚೂರೇ ಚೂರು ಮೇಲಕ್ಕೆ ಎದ್ದಿದೆ. ಜೇಬಿನಿಂದ ಸೀಸದ ಗುಂಡೊಂದನ್ನು ತೆಗೆದು ಮೂತಿಯೊಳಗೆ ಅಂಟಿಸಿ ಮತ್ತೆ ಬೆರಳ ಮೇಲಿಡುತ್ತಾರೆ. ಈಗ ಅದು ತಕ್ಕಡಿಯ ಹಾಗೆ ಸಮನಾಗಿ ನಿಲ್ಲುತ್ತದೆ.

ಎಂಜಿನ್ ಇಲ್ಲದೆ ಗಾಳಿಯನ್ನೇ ನಂಬಿ ತೇಲುವ, ನೆಲದಿಂದ ರೇಡಿಯೊ ಮೂಲಕ ನಡೆಸುವ ಈ ಪುಟ್ಟ ವಿಮಾನವನ್ನು ಅವರು ಐದು ತಿಂಗಳು ಕೂತು ಮಾಡಿದ್ದಾರೆ. ಇವತ್ತು ಅದರ ಮೊದಲ ಹಾರಾಟ. "ಇದು ಮೂರನೇದು. ಮೊದಲಿನ ಎರಡೂ ಮಣ್ಣುಪಾಲು," ಎನ್ನುತ್ತಾರೆ.

ಸರಕು ಕಳಿಸುವ ಶೆಡ್ಡೊಂದರಲ್ಲಿ ಮೂವತ್ತನಾಲ್ಕು ವರ್ಷದಿಂದ ಮರದ ಪೆಟ್ಟಿಗೆ ಹೊಡೆಯುವುದು ಅವರ ಕಸುಬು. ದಿನಕ್ಕೆ ನಲವತ್ತು ಪೆಟ್ಟಿಗೆ, ಒಂದೊಂದಕ್ಕೆ ಮೂವತ್ತೆರಡು ಮೊಳೆ. ಅಲ್ಲಿ ಎಲ್ಲರ ಬಾಯಲ್ಲೂ ಅವರು 'ಪೆಟ್ಟಿಗೆ ಮಾವ'. ಗರಗಸದ ಯಂತ್ರದ ಪಕ್ಕ ನಿಂತೂ ನಿಂತೂ ಮಂದವಾಗುತ್ತ ಬಂದ ಕಿವಿ ಏಳು ವರ್ಷದ ಹಿಂದೆ ಪೂರ್ತಿ ಕೈಕೊಟ್ಟಿತು. "ಒಂದಿನ ಬೆಳಗ್ಗೆ ಮಷಿನ್ ಕೆಟ್ಟಿದೆ ಅಂದ್ಕೊಂಡೆ. ನೋಡಿದ್ರೆ ಚಕ್ರ ತಿರುಗ್ತಾನೇ ಇದೆ!" ಎಂದು ನಗುತ್ತಾರೆ. ನನ್ನ ಪ್ರಶ್ನೆಗಳನ್ನು ತುಟಿ ನೋಡಿ ತಿಳಿಯುತ್ತಾರೆ. ತಿಳಿಯದ್ದನ್ನು ಹೆಂಡತಿ ಅವರ ಅಂಗೈ ಮೇಲೆ ಬೆರಳಿನಿಂದ ಬರೆಯುತ್ತಾರೆ.

ಕಿವಿ ಹೋದ ಮೇಲೆ ಜನರ ನಡುವೆ ಕೂರುವುದೇ ಬೇಡವಾಯಿತು. "ನಾಲ್ಕು ಜನ ನಕ್ರೆ ನಾನೂ ನಗ್ತಿದ್ದೆ. ಯಾಕೆ ಅಂತ ಗೊತ್ತಿರ್ತಿರಲಿಲ್ಲ." ರಜಾದಿನ ಒಬ್ಬರೇ ಗುಡ್ಡಕ್ಕೆ ಬರತೊಡಗಿದರು. ಅಲ್ಲಿ ಯಾರೋ ಗ್ಲೈಡರ್ ಹಾರಿಸುತ್ತಿದ್ದರು. "ಇದಕ್ಕೆ ಸದ್ದೇ ಇಲ್ಲ ಅಂತ ಅವರು ಬರೆದು ತೋರಿಸಿದ್ರು. ಹಾಗಾದ್ರೆ ಇಲ್ಲಿ ಅವರೂ ನಾನೂ ಒಂದೇ ಅಲ್ವಾ ಅನ್ನಿಸ್ತು."

ಶೆಡ್ಡಿನ ಮರದ ಚೂರುಗಳಲ್ಲೇ ಮೊದಲನೆಯದು ತಯಾರಾಯಿತು. ಚುಕ್ಕಾಣಿಯ ತಂತಿ ಉಲ್ಟಾ ಜೋಡಿಸಿದ್ದರಿಂದ ಎಡಕ್ಕೆಂದರೆ ಬಲಕ್ಕೆ ತಿರುಗಿ ಬಂಡೆಗೆ ಬಡಿಯಿತು. ಎರಡನೆಯದು ಚೆನ್ನಾಗಿಯೇ ಹಾರಿತು. ಆದರೆ ಹಗುರಾಗಿರಲೆಂದು ಗ್ಲೈಡರಿನೊಳಗೆ ಚಿಕ್ಕ ಬ್ಯಾಟರಿ ಇಟ್ಟಿರುತ್ತಾರೆ. ಅದು ಮುಗಿಯುತ್ತ ಬಂದಾಗ ಕೈಯಲ್ಲಿರುವ ರೇಡಿಯೊ ಬೀಪ್ ಬೀಪ್ ಎನ್ನುತ್ತದೆ. "ದಾರೀಲಿ ಹೋಗೋರಿಗೂ ಕೇಳಿಸ್ತಂತೆ, ನನಗೆ ಬಿಟ್ಟು." ಹಿಡಿತ ತಪ್ಪಿದ ಗ್ಲೈಡರ್ ಕಲ್ಲುಕ್ವಾರಿಯೊಳಗೆ ಬಿದ್ದು ಪುಡಿಯಾಯಿತು. ಅವತ್ತೇ ರೇಡಿಯೊ ಅಟ್ಟ ಸೇರಿತು.

ಎಂಟು ತಿಂಗಳ ನಂತರ ಅದನ್ನು ಇಳಿಸಿದ್ದು ಅವರಲ್ಲ, ಹೆಂಡತಿ. ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಆಕೆ ಗ್ಲೈಡರನ್ನು 'ನನ್ನ ಸವತಿ' ಎಂದೇ ಕರೆಯುತ್ತಿದ್ದವರು. "ಅದಿದ್ದಾಗ ನನಗೆ ಹೊಟ್ಟೆ ಉರೀತಿತ್ತು. ಹೋದ ಮೇಲೆ ಇವರು ಗೋಡೆ ನೋಡ್ಕೊಂಡು ಕೂತ್ಬಿಟ್ರು. ಅದಕ್ಕಿಂತ ಸವತೀನೇ ವಾಸಿ ಅನ್ನಿಸ್ತು."

ಹಾಗಾಗಿ ಮೂರನೆಯದು ಇಬ್ಬರ ಕೆಲಸ. ಇಪ್ಪತ್ತಾರು ತೆಳು ಪಟ್ಟಿಗಳನ್ನು ಜೋಡಿಸಿ ರೆಕ್ಕೆಯ ಗೂಡು ಕಟ್ಟಿದ್ದು ಅವರು. ಅದರ ಮೇಲೆ ಶಾಖಕ್ಕೆ ಬಿಗಿಯಾಗುವ ಪ್ಲಾಸ್ಟಿಕ್ ಹಾಳೆ ಹೊದಿಸಿ, ಒಂದು ಸುಕ್ಕೂ ಬಾರದಂತೆ ಇಸ್ತ್ರಿಪೆಟ್ಟಿಗೆಯಿಂದ ಬಿಗಿಗೊಳಿಸಿದ್ದು ಆಕೆ. "ಶಾಖ ಜಾಸ್ತಿ ಆದ್ರೆ ರೆಕ್ಕೆ ಸೊಟ್ಟಗಾಗುತ್ತೆ. ರೇಷ್ಮೆ ಥರಾನೇ ನೋಡ್ಕೋಬೇಕು."

ಚುಕ್ಕಾಣಿಯನ್ನು ಎಡಕ್ಕೂ ಬಲಕ್ಕೂ ಆಡಿಸಿ ಎರಡೆರಡು ಸಲ ನೋಡಿದ್ದಾಯಿತು. ಆಕೆ ನಾಲ್ಕು ಹೆಜ್ಜೆ ಓಡಿ ಗಾಳಿಗೆದುರಾಗಿ ಎಸೆಯುತ್ತಾರೆ. ಗ್ಲೈಡರ್ ಕುಸಿಯುತ್ತದೆ, ಹುಲ್ಲನ್ನು ಸವರುವಷ್ಟು ಕೆಳಗೆ. ಅಷ್ಟರಲ್ಲಿ ಇಳಿಜಾರು ಹತ್ತಿ ಬಂದ ಗಾಳಿ ಸಿಕ್ಕಿ ಅದು ಮೇಲೇಳುತ್ತದೆ. ಆಕೆ ಓಡಿ ಬಂದು ಅವರ ಹಿಂದೆ ನಿಂತು ಹೆಗಲ ಮೇಲೆ ಕೈಯಿಡುತ್ತಾರೆ. ದೂರದಲ್ಲಿ ಹದ್ದೊಂದು ಸುತ್ತುತ್ತಿದೆ. ಅಲ್ಲಿ ಬಿಸಿಗಾಳಿ ಏಳುತ್ತಿರಬೇಕು. ಅವರು ಗ್ಲೈಡರನ್ನು ಅದರ ಕೆಳಗೇ ಒಯ್ಯುತ್ತಾರೆ. ಸುತ್ತು ಸುತ್ತಿಗೂ ಅದು ಇನ್ನಷ್ಟು ಮೇಲೆ.

ಹದಿನೇಳನೇ ನಿಮಿಷಕ್ಕೆ ರೇಡಿಯೊ ಬೀಪ್ ಎನ್ನುತ್ತದೆ. ಆಕೆ ಹೆಗಲು ತಟ್ಟುತ್ತಾರೆ. "ಇನ್ನೊಂದೇ ಸುತ್ತು," ಎನ್ನುತ್ತಾರೆ ಅವರು, ಕಣ್ಣು ಕದಲಿಸದೆ. ಆಕೆ ಮತ್ತೆ ತಟ್ಟುತ್ತಾರೆ, ಈ ಸಲ ಬಲವಾಗಿಯೇ. ಒಂದು ಗಳಿಗೆ ಇಬ್ಬರೂ ಅಲುಗಾಡುವುದಿಲ್ಲ. ಆಮೇಲೆ ಅವರ ಹೆಬ್ಬೆರಳು ಸರಿಯುತ್ತದೆ, ಮೂತಿ ನಮ್ಮ ಕಡೆ ತಿರುಗುತ್ತದೆ. ಗ್ಲೈಡರ್ ಹುಲ್ಲಿನ ಮೇಲೆ ಜಾರಿ ನಿಲ್ಲುತ್ತದೆ. ರೆಕ್ಕೆಯ ತುದಿಯಲ್ಲಿ ಬೆರಳಗಲ ಹರಿದಿದೆ, ಅಷ್ಟೇ. ಅವರು ಅದನ್ನೆತ್ತಿ ಮಗುವಿನ ಹಾಗೆ ಎದೆಗಾನಿಸಿಕೊಳ್ಳುತ್ತಾರೆ.

ಇನ್ನೇನಾಸೆ ಎಂದು ಕೇಳುತ್ತೇನೆ.

"ಒಂದ್ಸಲ ಇವಳೇ ಹಾರಿಸ್ಬೇಕು. ನಾನು ಎಸೀತೀನಿ."

"ಅಯ್ಯೋ, ನನ್ನ ಕೈಗೆ ಕೊಟ್ರೆ ಒಡೆದೇ ಹೋಗುತ್ತೆ ಕಣ್ರೀ!" ಆಕೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.

ಪೆಟ್ಟಿಗೆ ಮಾವ ಹೆಂಡತಿಯ ತುಟಿಯನ್ನೇ ನೋಡುತ್ತಿದ್ದಾರೆ.

"ಒಡೀಲಿ ಬಿಡೇ. ಮಾಡೋಕೆ ಬರುತ್ತಲ್ಲ ನಮಗೆ."