ಕೊಸರಿಗೊಂದು ಬಟನ್

ವ್ಯಾಪಾರಕ್ಕಿಳಿಯುವವರಿಗೆ ನನ್ನದೊಂದು ಮಾತು: ಲೆಕ್ಕಾಚಾರ ಹೊಟ್ಟೆಯೊಳಗಿರಲಿ, ಮುಖದ ಮೇಲೆ ಬೇಡ. ಮದ್ದೂರಿನಲ್ಲಿ ಬೆಲ್ಲ ಮಾರಿಯೇ ಬದುಕು ಕಟ್ಟಿಕೊಂಡ ನನಗೆ ಇದು ಗೊತ್ತಿತ್ತು. ನನ್ನ ವೆಬ್‌ಸೈಟಿಗೆ ಗೊತ್ತಿರಲಿಲ್ಲ.

ಅದನ್ನು ಮಾಡಿಕೊಟ್ಟವಳು ಮಂಡ್ಯದ ಮೆಕ್ಯಾನಿಕ್ ಒಬ್ಬರ ಮಗಳು. ಒಂದು ಪೆಟ್ಟಿಗೆ ಬೆಲ್ಲ ಕೊಂಡರೆ ಮೇಲೆ ಎರಡಚ್ಚು ಬಿಟ್ಟಿ ಕೊಸರು ಎಂದು ನಾನು ಹೇಳಿದ್ದನ್ನು ಕಂಪ್ಯೂಟರಿನ ಪುಟದೊಳಗೇ, ಬಣ್ಣ, ಚಿತ್ರಗಳ ನಡುವೆ ಸೇರಿಸಿಬಿಟ್ಟಿದ್ದಳು. ಆಮೇಲೆ ನನ್ನ ಅವಸರಕ್ಕೆ ಮೊಬೈಲಿಗೆಂದು ಬೇರೆ ಪುಟ ಮಾಡಿದಳು. ಅದರಲ್ಲಿ ಕೊಸರು ಬಿಟ್ಟುಹೋಯಿತು.

ಸಿಕ್ಕಿಬಿದ್ದದ್ದು ಮಳವಳ್ಳಿಯ ಅಜ್ಜಿಯ ಕೈಗೆ. ಆಕೆ ನನ್ನ ಹಳೆಯ ಗಿರಾಕಿ. ಅವರ ಮಾತಿನ ಮೇಲೆ ಆ ಬೀದಿಯ ಒಬ್ಬಟ್ಟಿಗೆಲ್ಲ ನನ್ನ ಬೆಲ್ಲವೇ. ಅಜ್ಜಿ ಮುನಿದರೆ ಬೀದಿಯೇ ಕೈತಪ್ಪಿದಂತೆ.

ಫೋನು ಬಂತು. "ಅಲ್ಲ ಕಣ್ಲಾ, ನನ್ ಮೊಬೈಲಲ್ಲಿ ಕೊಸರೇ ಇಲ್ಲ, ನಮ್ ನಾದ್ನಿ ಕಂಪ್ಯೂಟ್ರಲ್ಲಿ ಎಲ್ಡಚ್ಚು ತೋರುಸ್ತದೆ. ಅವ್ಳೇನು ನಿಂಗೆ ಬೀಗ್ತಿಯಾ? ಬುಡು, ಬೇರೆ ಅಂಗ್ಡಿ ನೋಡ್ಕೋತೀನಿ."

ಮಂಡ್ಯಕ್ಕೆ ಓಡಿದೆ. "ಪುಟಕ್ಕೊಂದು ಸಲ ನಿಯಮ ಬರೆದ್ರೆ ಹಿಂಗೇ ಅಣ್ಣ," ಎಂದಳು ಹುಡುಗಿ. "ಅದು ಒಳಗೆ ಒಂದೇ ಕಡೆ ಇರ್ಬೇಕು. ಪುಟ ಅದನ್ನ ಕೇಳಿ ತೋರಿಸ್ಬೇಕು, ಅಷ್ಟೇ."

"ಅಂದ್ರೆ ಬೋರ್ಡು ಬರೆಯೋನು ರೇಟು ಕಟ್ಟಬಾರ್ದು."

"ಇಷ್ಟು ಗೊತ್ತಿದ್ದೋರು ನಾಳೆನೇ ಬೇಕು ಅಂತ ಯಾಕೆ ತಲೆ ತಿಂದ್ರಿ?"

ನಿಯಮವನ್ನು ಪುಟದಿಂದ ಬೇರ್ಪಡಿಸಿ ಕೊಟ್ಟಳು. ಈಗ ಎಲ್ಲಿ ನೋಡಿದರೂ ಎರಡಚ್ಚು ಕೊಸರು. ಹೆಮ್ಮೆಯಿಂದ ಅಜ್ಜಿಗೆ ಫೋನು ಮಾಡಿದೆ.

"ಇದು ಕೊಸರೇನ್ಲಾ?" ಎಂದರು ನೋಡಿ. "ಕೇಳೋಕ್ ಮುಂಚೆನೇ ಬರ್ದಿದ್ರೆ ಅದು ಸರಕಿಗೇ ಸೇರೋಯ್ತು. ಜಗ್ಗಾಡಿ ಈಸ್ಕೊಂಡ್ರೆ ಕೊಸರು. ಇದ್ರ ಮ್ಯಾಲೆ ಏನ್ ಕೊಡ್ತೀಯ ಯೋಳು."

ನ್ಯಾಯವಾದ ಮಾತು. ಮೂವತ್ತು ವರ್ಷ ಕೊಸರು ಕೊಟ್ಟವನು, ಒಂದು ದಿನವೂ ಕೇಳದೆ ಕೊಟ್ಟವನಲ್ಲ. ಮತ್ತೆ ಮಂಡ್ಯ.

ಒಳಗಿನ ನಿಯಮದ ಒಂದಕ್ಷರವನ್ನೂ ಮುಟ್ಟಬೇಕಾಗಲಿಲ್ಲ, ಪುಟದ ಮುಖವಷ್ಟೇ ಬದಲಾಯಿತು. ನನ್ನ ಟೀ ಆರುವಷ್ಟರಲ್ಲಿ ಮುಗಿಸಿದಳು. ಎರಡಚ್ಚು ಈಗ ಕಾಣುವುದಿಲ್ಲ, 'ಕೊಸರು ಕೊಡಿ' ಎಂಬ ಬಟನ್ ಇದೆ. ಒತ್ತಿದರೆ 'ಗಿಟ್ಟಲ್ಲ ಕಣಮ್ಮ' ಎನ್ನುತ್ತದೆ. ಮತ್ತೆ ಒತ್ತಿದರೆ, 'ಅಯ್ಯೋ, ತಗೊಳ್ಳಿ, ಎರಡಚ್ಚು'.

ಸಂಜೆ ಅಜ್ಜಿಯ ಫೋನು. "ಬೀದಿಗೆಲ್ಲ ಸೇರ್ಸಿ ಬೆಲ್ಲ ಬರ್ಸಿವ್ನಿ. ನಿನ್ ಬಟನ್ನು ಗಿಟ್ಟಲ್ಲ ಅಂತು, ನಾ ಬುಡ್ತೀನಾ? ಕಿತ್ಕೊಂಡೆ!"

"ಮುಳುಗ್ದೆ ಕಣಜ್ಜಿ," ಎಂದು ನಿಟ್ಟುಸಿರು ಬಿಟ್ಟೆ. ಅವರ ಪೆಟ್ಟಿಗೆಗೆ ಎರಡಚ್ಚು ಆಗಲೇ ಹಾಕಿಯಾಗಿತ್ತು.