ಗೇರಿನ ಹಲ್ಲಿಗೆ ಹಚ್ಚಿದ ಕುಂಕುಮ

ಇಂಜಿನಿಯರಿಂಗ್ ಕಾಲೇಜಿನ ನಮ್ಮ ಪ್ರಾಜೆಕ್ಟ್ ಗೈಡ್ ಸರ್ ಮಾತಿಗೆ ಮೊದಲು ಮೂರು ಸಲ ಕೆಮ್ಮುತ್ತಾರೆ. ಕ್ಲಾಸಿನಲ್ಲಿ ನಾನು ಅವರಂತೆ ಕೆಮ್ಮಿ ತೋರಿಸುವಾಗ ಅವರು ಹಿಂದೆಯೇ ನಿಂತಿದ್ದರು.

"ಒಂದ್ ಕೆಮ್ಮು ಹೆಚ್ಚಾತು," ಅಂದರು. "ಲೆಕ್ಕ ತಪ್ಪಾಕ ನಿನಗ ಗೇರೇ ಬೇಕಂತಿಲ್ಲ."

ನನ್ನ ಪ್ರಾಜೆಕ್ಟು ಕಲ್ಲೋಳಿಯ ಕಾಕಾನ ಕಬ್ಬಿನ ಗಾಣದ್ದು. ಅದರ ಎರಡು ಗೇರಿನ ಹಲ್ಲುಗಳು ಒಂದನ್ನೊಂದು ಒತ್ತುವ ಜಾಗದಲ್ಲಿ ಒತ್ತಡ ಎಷ್ಟು ಎಂಬ ಲೆಕ್ಕ. ಇದರ ಎರಡರಷ್ಟು ಬಿದ್ದರೂ ಹಲ್ಲಿಗೆ ಏನೂ ಆಗದು ಎಂದಿತ್ತು ಕಂಪ್ಯೂಟರ್. ಗಾಣದಲ್ಲಿ ಮಾತ್ರ ಒಂದೇ ಹಂಗಾಮಿಗೆ ಹಲ್ಲಿನ ಮೇಲೆ ಸಿಡುಬಿನ ಕಲೆಯಂಥ ಗುಂಡಿಗಳು.

"ಸೋಮವಾರ ಕಾರಣ ತಗೊಂಡ ಬಾ," ಅಂದರು ಸರ್. " ಇಲ್ಲಂದ್ರ ಮುಂದಿನ ವರ್ಷಾನೂ ಇಲ್ಲೇ ಕೆಮ್ಮಕೋತ ಕುಂದ್ರು."

ಖಂಡೇನವಮಿಯ ಆಯುಧಪೂಜೆಗೆ ಕಲ್ಲೋಳಿಗೆ ಹೋದೆ.

"ಏ ಇಂಜಿನಿಯರಾ, ಚಪ್ಪಲಿ ಬಿಟ್ಟ ಬಾ. ಕಂಪ್ಯೂಟರ್ ಏನಂತು?"

"ಹಲ್ಲು ಗಟ್ಟಿ ಅದಾವಂತ ಕಾಕಾ."

"ಹಂಗಾರ ಈ ಸಲ ಕಬ್ಬು ಕಂಪ್ಯೂಟರ್‌ನ್ಯಾಗ ಹಾಕೂಣು."

ಕಾಕಾ ಎಣ್ಣೆ ಹತ್ತಿದ ಹಲ್ಲುಗಳಿಗೆಲ್ಲ ಕುಂಕುಮ ಬಳಿದು, ಹಾರ ಹಾಕಿ, ಪದ್ಧತಿಯಂತೆ ಕೈಯಿಂದ ಗಾಣವನ್ನು ಒಂದು ಸುತ್ತು ತಿರುಗಿಸಿದ. ನೋಡಿದರೆ ಪ್ರತಿ ಹಲ್ಲಿನ ಒಂದು ತುದಿಯಲ್ಲಷ್ಟೇ ಕುಂಕುಮ ಅಳಿಸಿತ್ತು! ಇಡೀ ಹಲ್ಲು ಹೊರಬೇಕಾದ ಭಾರವನ್ನು ಬೆರಳಗಲದ ತುದಿಯೊಂದೇ ಹೊರುತ್ತಿತ್ತು.

ಫೋಟೋ ತೆಗೆದೆ. ಅದರಲ್ಲಿ ಮುಕ್ಕಾಲು ಪಾಲು ನನ್ನ ಮುಖ, ಉಳಿದದ್ದು ಹಾರ. ಹಾಗಾಗಿ ಸೋಮವಾರ ಸಣ್ಣ ಗೇರನ್ನೇ ಬಿಚ್ಚಿಕೊಂಡು ಹುಕ್ಕೇರಿ ಕಡೆಯ ಕಾಲೇಜಿಗೆ ಹೊರಟೆ. ಬಟ್ಟೆ ಸುತ್ತಿದರೆ ಗುರುತು ಅಳಿಸೀತೆಂದು ಬರಿಗೇರನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಗೋಕಾಕದಲ್ಲಿ ಬಸ್ ಹತ್ತಿದ ಅಜ್ಜಿ ಅದಕ್ಕೆ ಕೈಮುಗಿದಳು.

"ಇದು ಗೇರ್ ಅಜ್ಜಿ, ದೇವ್ರಲ್ಲ."

"ಕುಂಕುಮ ಹಚ್ಚಿದ ಮ್ಯಾಲ ಅಲ್ಲ ಅಂತ ಹೆಂಗ ಅಂತಿಯೋ ತಮ್ಮಾ?"

ಅಲ್ಲಿಗೆ ಸುಮ್ಮನಿದ್ದರೆ ಮುಗಿಯುತ್ತಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ! ಪೂಜಾರಿಯ ಧ್ವನಿ ತೆಗೆದು, "ಎಲ್ಲಾರಿಗೂ ಚಲೋ ಆಗ್ಲೀ" ಅಂದೆ. ಅಜ್ಜಿ ಹಲ್ಲಿನಿಂದ ಕುಂಕುಮ ತೆಗೆದು ಹಣೆಗೆ ಹಚ್ಚಿಕೊಂಡಳು. ಹಿಂದಿನ ಸೀಟಿನವರು ಎದ್ದು ಬಂದರು. ಕಂಡಕ್ಟರ್ ಇಡೀ ಕುಟುಂಬಕ್ಕಾಗುವಷ್ಟು ಚೀಟಿಯಲ್ಲಿ ಕಟ್ಟಿಕೊಂಡ. ಹುಕ್ಕೇರಿ ಬರುವಷ್ಟರಲ್ಲಿ ಗೇರು ತಿಕ್ಕಿದ ತಂಬಿಗೆಯಂತೆ ಹೊಳೆಯುತ್ತಿತ್ತು.

"ಗುರುತು ಎಲ್ಲೈತಿ?" ಸರ್ ಕೇಳಿದರು.

"ಬಸ್ಸಿನ ಮಂದಿ ಹಣಿ ಮ್ಯಾಲ ಐತ್ರಿ ಸರ್."

ಅವರು ನಗಲಿಲ್ಲ. ಹೆಲ್ಮೆಟ್ ಹಾಕಿಕೊಂಡು, "ಗಾಡಿ ಹತ್ತು," ಅಂದರು.

ಕಲ್ಲೋಳಿಯಲ್ಲಿ ಸರ್ ಅವರ ಬೂಟನ್ನೂ ಕಾಕಾ ಬಿಡಿಸಿದ. ಗೇರು ಕೂರಿಸಿ, ಮತ್ತೆ ಕುಂಕುಮ ಬಳಿದು ತಿರುಗಿಸಿದೆವು. ಮತ್ತೆ ಅದೇ ತುದಿ. ಸರ್ ಬಗ್ಗಿ, ಓರೆಯಾಗಿದ್ದ ಗೇರಿನ ದಂಡ ನೆಟ್ಟಗಾಗುವಂತೆ ಬೇರಿಂಗಿನ ಅಡಿಗೆ ತಗಡಿನ ಚೂರು ಸೇರಿಸಿದರು. ಈ ಸಲ ಹಲ್ಲಿನ ಅಗಲಕ್ಕೂ ಕುಂಕುಮ ಅಳಿಸಿತು.

"ವರ್ಷಾ ವರ್ಷಾ ಹಚ್ಚತೇನ್ರಿ, ಒಮ್ಮೆನೂ ನೋಡಿಲ್ಲ," ಅಂದ ಕಾಕಾ.

"ಇಂವಾ ಕಂಪ್ಯೂಟರ್‌ನ್ಯಾಗ ಬರೇ ಹಲ್ಲು ನೋಡ್ಯಾನ್ರಿ, ಗಾಣ ನೋಡಿಲ್ಲ," ಅಂದರು ಸರ್. "ಪಾಸ್ ಮಾಡತೇನಿ. ಆದ್ರ ವರದಿ ಪೂರಾ ಹೊಸದಾಗಿ ಬರೀಬೇಕು."

ಬರೆದೆ. 'ಬಳಸಿದ ಸಾಮಗ್ರಿ' ಎಂಬಲ್ಲಿ ಕುಂಕುಮ ಎಂದು ಬರೆದದ್ದರ ಪಕ್ಕ ಸರ್ ಪೆನ್ನಿನಿಂದ ಗೀಚಿದರು: ಎಷ್ಟು ಗ್ರಾಂ?